ಹುಡುಕುವ ಕಲೆಯೂ ‘ಹ್ಯಾಕಿಂಗ್’ ಶಬ್ದದ ನಿಜಾರ್ಥವೂ

ಈಚೆಗೆ ನಮ್ಮ ತರುಣರ ಬಾಯಲ್ಲಿ ‘ಹ್ಯಾಕಿಂಗ್’ ಎಂಬ ಶಬ್ದವು ಕೇಳಿಬರುವಷ್ಟು ಸಲ ಬೇರಾವ ಶಾಸ್ತ್ರೀಯ ಶಬ್ದವೂ ಕೇಳಿಬರುವುದಿಲ್ಲ. ನಾನು ಗಣಕಯಂತ್ರದ ವಿಷಯದಲ್ಲಿ ತುಸು ಆಸ್ಥೆಯುಳ್ಳವನೆಂದು ತಿಳಿದ ಸಹಪಾಠಿಗಳು ಚಹದಂಗಡಿಯಲ್ಲಿ ಪಕ್ಕಕ್ಕೆ ಕರೆದು ಮೆಲ್ಲನೆ ಕೇಳುವುದುಂಟು: “ದೋಸ್ತ, ಒಬ್ಬರ ವಾಟ್ಸಾಪ್ ಹ್ಯಾಕ್ ಮಾಡೂದು ಹ್ಯಾಂಗೋ? ನಿನಗ ಗೊತ್ತೈತೇನು?” ಇನ್ನೊಬ್ಬನಿಗೆ ಫಲಿತಾಂಶದ ಜಾಲತಾಣದೊಳಗೆ ನುಗ್ಗಿ ಅಂಕಗಳನ್ನು ತಿದ್ದಬೇಕೆಂಬ ಆಸೆ. ಮತ್ತೊಬ್ಬನು ‘ಹ್ಯಾಕಿಂಗ್ ಆ್ಯಪ್’ ಎಂಬುದಕ್ಕೆ ಮುನ್ನೂರು ರೂಪಾಯಿ ತೆತ್ತು, ಆ ಹಣವನ್ನೂ ಕಳೆದುಕೊಂಡು, ತನ್ನ ಫೋನಿನಲ್ಲಿದ್ದ ಹೆಸರು ನಂಬರುಗಳೆಲ್ಲವನ್ನೂ ಯಾರಿಗೋ ಒಪ್ಪಿಸಿ ಕುಳಿತಿದ್ದಾನೆ.

ನಮ್ಮ ವೃತ್ತಪತ್ರಿಕೆಗಳು ಈ ಶಬ್ದವನ್ನು ‘ಕನ್ನ’ ಎಂದು ಕನ್ನಡಿಸಿವೆ. ‘ಜಾಲತಾಣಕ್ಕೆ ಕನ್ನ’, ‘ಖಾತೆಗೆ ಕನ್ನ’ ಎಂಬ ತಲೆಬರೆಹಗಳನ್ನು ನಾವು ದಿನವೂ ಓದುತ್ತೇವೆ. ಕನ್ನವೆಂದರೆ ಕಳ್ಳನು ರಾತ್ರಿಯ ಹೊತ್ತಿನಲ್ಲಿ ಗೋಡೆಗೆ ಕೊರೆಯುವ ರಂಧ್ರ. ಮಣ್ಣಿನ ಗೋಡೆಯ ಮನೆಗಳಲ್ಲಿ ಬಾಳಿದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅನುವಾದವೇನೋ ಸೊಗಸಾಗಿದೆ. ಆದರೆ ಅದು ಶಬ್ದದ ಅರ್ಧ ಚರಿತ್ರೆಯನ್ನು ಮಾತ್ರ ಹೇಳುತ್ತದೆ. ಉಳಿದರ್ಧವನ್ನು ಹೇಳುವುದೂ, ಒಂದು ಫೋನಿನ ಹೊರತು ಬೇರೆ ಯಂತ್ರವಿಲ್ಲದ ನಮ್ಮಂಥವರು ಆ ವಿದ್ಯೆಯನ್ನು ಎಲ್ಲಿಂದ ಆರಂಭಿಸಬಹುದೆಂದು ತೋರಿಸುವುದೂ ಈ ಲೇಖನದ ಉದ್ದೇಶ.

ಇಂಗ್ಲಿಷಿನಲ್ಲಿ ‘ಹ್ಯಾಕ್’ ಎಂದರೆ ಕೊಡಲಿಯಿಂದಲೋ ಮಚ್ಚಿನಿಂದಲೋ ಒರಟೊರಟಾಗಿ ಕಡಿಯುವುದು. ಈ ಹಳ್ಳಿಯ ಶಬ್ದವು ಯಂತ್ರಗಳ ಲೋಕಕ್ಕೆ ಬಂದ ಬಗೆ ಸೋಜಿಗದ್ದು. ಎಂ.ಐ.ಟಿ. ಎಂದು ಪ್ರಸಿದ್ಧವಾದ ಅಮೆರಿಕೆಯ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಆಟಿಗೆಯ ರೈಲುಗಾಡಿಗಳನ್ನು ಓಡಿಸುವ ವಿದ್ಯಾರ್ಥಿಗಳ ಸಂಘವೊಂದು ೧೯೪೬ರಲ್ಲಿ ಹುಟ್ಟಿತು. ಆ ಸಂಘದಲ್ಲಿ ಎರಡು ಬಗೆಯ ಹುಡುಗರಿದ್ದರು. ಕೆಲವರಿಗೆ ಮೇಜಿನ ಮೇಲಿನ ಗಾಡಿ, ಗುಡ್ಡ, ನಿಲ್ದಾಣಗಳ ಚೆಲುವಿನಲ್ಲಿ ಪ್ರೀತಿ. ಕೆಲವರಿಗೆ ಮೇಜಿನ ಕೆಳಗಿನ ತಂತಿಗಳಲ್ಲಿ ಪ್ರೀತಿ. ಈ ಎರಡನೆಯವರು ಹಳೆಯ ಟೆಲಿಫೋನಿನ ಬಿಡಿಭಾಗಗಳನ್ನು ತಂದು, ಅವನ್ನು ಮಾಡಿದವನು ಕನಸಿನಲ್ಲಿಯೂ ಎಣಿಸದ ಕೆಲಸಕ್ಕೆ ಹಚ್ಚಿ, ರೈಲುಗಳನ್ನು ಹಳಿಯಿಂದ ಹಳಿಗೆ ದಾಟಿಸುತ್ತಿದ್ದರು. ಇಂಥ ಜಾಣತನದ ಜೋಡಣೆಗೆ ಅವರು ‘ಹ್ಯಾಕ್’ ಎಂದರು; ಅದನ್ನು ಮಾಡುವವನು ‘ಹ್ಯಾಕರ್’ ಆದನು.

ಅಂದಿನ ಗಣಕಯಂತ್ರಗಳನ್ನು ವಿದ್ಯಾರ್ಥಿಗಳು ಮುಟ್ಟುವಂತಿರಲಿಲ್ಲ. ರಂಧ್ರ ಹೊಡೆದ ಕಾರ್ಡುಗಳನ್ನು ಕಿಟಕಿಯಲ್ಲಿ ಕೊಟ್ಟು, ಒಳಗಿನ ಅಧಿಕಾರಿಯು ಯಂತ್ರಕ್ಕೆ ಉಣಿಸಿ ಉತ್ತರ ತರುವವರೆಗೆ ಕಾಯಬೇಕು. ೧೯೫೮ರಲ್ಲಿ ಟಿ.ಎಕ್ಸ್.-ಜೀರೊ ಎಂಬ ಯಂತ್ರವು ಆ ಸಂಸ್ಥೆಗೆ ಬಂದಾಗ ಅದರ ಮುಂದೆ ಖುದ್ದಾಗಿ ಕುಳಿತುಕೊಳ್ಳುವ ಅವಕಾಶವು ರೈಲು ಸಂಘದ ಹುಡುಗರಿಗೆ ದೊರೆಯಿತು. ೧೯೬೧ರಲ್ಲಿ ಪಿ.ಡಿ.ಪಿ.-೧ ಬಂದಿತು. ಅದರ ಮೇಲೆ ಸ್ಟೀವ್ ರಸೆಲ್ ಮತ್ತು ಅವನ ಗೆಳೆಯರು ೧೯೬೨ರಲ್ಲಿ ‘ಸ್ಪೇಸ್‌ವಾರ್’ ಎಂಬ ಆಟವನ್ನು ರಚಿಸಿದರು. ಅದನ್ನು ಅವರು ಮಾರಲಿಲ್ಲ. ಬೇಕೆಂದವರಿಗೆ ಕೊಟ್ಟರು, ಕೊಂಡುಹೋದವರು ಅದಕ್ಕೆ ಹೊಸದನ್ನು ಕೂಡಿಸಿದರು. ಯಂತ್ರವು ಹೇಗೆ ನಡೆಯುತ್ತದೆಂದು ತಾನೇ ಬಿಚ್ಚಿ ತಿಳಿಯುವುದು, ತಿಳಿದುದನ್ನು ಮುಚ್ಚಿಡದೆ ಹಂಚುವುದು, ಇವೆರಡೇ ಮೂಲದ ಹ್ಯಾಕಿಂಗ್. ಹಾಗೆಂದು ಅವರೆಲ್ಲರೂ ಋಷಿಗಳಾಗಿದ್ದರೆಂದು ನಾನು ಹೇಳಲಾರೆ. ಬೀಗ ಹಾಕಿದ ಕೋಣೆಗಳನ್ನು ರಾತ್ರಿ ತೆರೆದು ಬೇಕಾದ ಸಾಮಾನು ತರುವ ಚಟವೂ ಅವರಲ್ಲಿತ್ತು. ‘ತಿಳಿಯಬೇಕು’ ಎಂಬ ಹಂಬಲಕ್ಕೂ ‘ಬೀಗ ಮುರಿಯಬೇಕು’ ಎಂಬ ಚಪಲಕ್ಕೂ ನಡುವಿನ ಗೆರೆಯು ಮೊದಲಿನಿಂದಲೇ ತೆಳ್ಳಗಿತ್ತು.

ಆ ಗೆರೆಯನ್ನು ಲೋಕವು ಮರೆತದ್ದು ೧೯೮೩ರಲ್ಲಿ. ಆ ವರ್ಷ ಹುಡುಗನೊಬ್ಬನು ಮನೆಯ ಕಂಪ್ಯೂಟರಿನಿಂದ ಸೈನ್ಯದ ಯಂತ್ರದೊಳಗೆ ಹೊಕ್ಕು ಅಣುಯುದ್ಧವನ್ನು ಹತ್ತಿರ ತರುವ ‘ವಾರ್‌ಗೇಮ್ಸ್’ ಚಲಚ್ಚಿತ್ರ ತೆರೆಕಂಡಿತು. ಅದೇ ವರ್ಷ ಮಿಲ್ವಾಕಿ ನಗರದ ಕೆಲವು ತರುಣರು ಲಾಸ್ ಅಲಾಮೋಸ್ ಪ್ರಯೋಗಾಲಯವೇ ಮೊದಲಾದ ಕಡೆಗಳ ಯಂತ್ರಗಳೊಳಗೆ ಅಪ್ಪಣೆಯಿಲ್ಲದೆ ಹೊಕ್ಕು ಸಿಕ್ಕಿಬಿದ್ದರು. ಪತ್ರಿಕೆಗಳು ಅವರನ್ನು ‘ಹ್ಯಾಕರ್’ ಎಂದು ಕರೆದವು. ಹಳೆಯ ತಲೆಯವರು ನೊಂದುಕೊಂಡು, ಒಡೆಯುವವನಿಗೆ ‘ಕ್ರ್ಯಾಕರ್’ ಎಂಬ ಬೇರೆ ಹೆಸರಿರಲಿ ಎಂದು ವಾದಿಸಿದರೂ ಅದು ಬಳಕೆಯಲ್ಲಿ ನಿಲ್ಲಲಿಲ್ಲ. ನಮ್ಮ ದೇಶದ ಕಾನೂನಿನಲ್ಲಿಯೂ ಇದರ ನೆರಳಿದೆ. ೨೦೦೦ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ೬೬ನೆಯ ಕಲಮಿನ ತಲೆಬರೆಹವು ‘ಕಂಪ್ಯೂಟರ್ ವ್ಯವಸ್ಥೆಯ ಹ್ಯಾಕಿಂಗ್’ ಎಂದೇ ಇತ್ತು. ೨೦೦೮ರ ತಿದ್ದುಪಡಿಯು ಆ ಶಬ್ದವನ್ನು ತೆಗೆದು ‘ಕಂಪ್ಯೂಟರಿಗೆ ಸಂಬಂಧಿಸಿದ ಅಪರಾಧಗಳು’ ಎಂದು ಬರೆಯಿತು. ಈಗ ಕಾನೂನು ಕೇಳುವ ಪ್ರಶ್ನೆ ‘ನೀನು ಹ್ಯಾಕರನೇ?’ ಎಂಬುದಲ್ಲ, ‘ಒಡೆಯನ ಅಪ್ಪಣೆ ಇತ್ತೇ? ನಿನ್ನ ಉದ್ದೇಶವೇನು?’ ಎಂಬುದು. ಇದು ಸರಿಯಾದ ಪ್ರಶ್ನೆಯೆಂದು ನನಗೆ ತೋರುತ್ತದೆ.

ಇನ್ನು ನಮ್ಮ ಕೈಗೆ ಎಟುಕುವ ಯಂತ್ರದ ಮಾತು. ನಾವು ದಿನಕ್ಕೆ ಹತ್ತು ಸಲ ಬಳಸುವ ಶೋಧಯಂತ್ರ, ಅಂದರೆ ಸರ್ಚ್ ಎಂಜಿನ್, ಹುಟ್ಟಿದ್ದೇ ಇಂಥ ಹುಡುಗರ ಕೈಯಲ್ಲಿ. ಮಾಂಟ್ರಿಯಾಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಅಲನ್ ಎಮ್ಟೇಜ್ ಎಂಬವನು ಬೇರೆ ಬೇರೆ ಊರಿನ ಯಂತ್ರಗಳಲ್ಲಿ ಯಾವ ಕಡತವಿದೆಯೆಂದು ದಿನವೂ ಕೈಯಿಂದ ಹುಡುಕಿ ಬೇಸತ್ತು, ಆ ಪಟ್ಟಿಗಳನ್ನೆಲ್ಲ ರಾತ್ರಿ ತಾನಾಗಿಯೇ ತರಿಸುವ ಏರ್ಪಾಡು ಮಾಡಿದನು. ೧೯೯೦ರ ಆ ‘ಆರ್ಚಿ’ಯೇ ಇಂಟರ್ನೆಟ್ಟಿನ ಮೊದಲ ಶೋಧಯಂತ್ರ. ೧೯೯೮ರಲ್ಲಿ ಗೂಗಲನ್ನು ಸ್ಥಾಪಿಸಿದ ಲ್ಯಾರಿ ಪೇಜ್, ಸರ್ಗೇ ಬ್ರಿನ್ ಇಬ್ಬರೂ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿಗಳು.

ನಾವು ಒಂದು ಶಬ್ದವನ್ನು ಬರೆದ ಕೂಡಲೆ ಯಂತ್ರವು ಲೋಕದ ಪುಟಗಳನ್ನೆಲ್ಲ ಓದಿ ಬರುತ್ತದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಅದು ಮೊದಲೇ ಪುಟದಿಂದ ಪುಟಕ್ಕೆ ಅಲೆದು, ಯಾವ ಶಬ್ದವು ಎಲ್ಲೆಲ್ಲಿದೆಯೆಂಬ ಅಕಾರಾದಿಯನ್ನು ಸಿದ್ಧಮಾಡಿಕೊಂಡಿರುತ್ತದೆ. ದೊಡ್ಡ ಗ್ರಂಥದ ಕೊನೆಯಲ್ಲಿ ಶಬ್ದಸೂಚಿ ಇರುತ್ತದಲ್ಲವೇ, ಅದೇ. ನಾವು ಹುಡುಕುವುದು ಲೋಕವನ್ನಲ್ಲ, ಆ ಸೂಚಿಯನ್ನು. ಸಿಕ್ಕ ಸಾವಿರ ಪುಟಗಳಲ್ಲಿ ಯಾವುದನ್ನು ಮೇಲಿಡಬೇಕು? ಪೇಜ್ ಮತ್ತು ಬ್ರಿನ್ ಕಂಡುಹಿಡಿದ ಉಪಾಯವು ನಮ್ಮ ಹಳ್ಳಿಯ ರೀತಿಯದೇ: ಒಬ್ಬನ ಮಾತಿಗೆ ಎಷ್ಟು ಜನ ಸಾಕ್ಷಿ ನುಡಿಯುತ್ತಾರೆ, ಆ ಸಾಕ್ಷಿಗಳು ಎಷ್ಟು ತೂಕದವರು ಎಂದು ನೋಡುವುದು. ಒಂದು ಪುಟಕ್ಕೆ ಬೇರೆ ಪುಟಗಳು ಕೊಡುವ ಕೊಂಡಿಯೇ ಸಾಕ್ಷಿ. ಈಗ ಇದಕ್ಕೆ ನೂರಾರು ಬೇರೆ ಲೆಕ್ಕಗಳು ಸೇರಿವೆ, ಜಾಹೀರಾತುಗಳೂ ಸೇರಿವೆ. ೨೦೨೪ರಿಂದೀಚೆಗೆ ಯಂತ್ರವೇ ರಚಿಸಿದ ಉತ್ತರವೂ ಹಲವು ಸಲ ಮೇಲ್ಗಡೆ ಬರುತ್ತಿದೆ. ಅದನ್ನೇ ಪ್ರಬಂಧಕ್ಕೆ ಇಳಿಸಿಕೊಳ್ಳುವವರು ಕೆಳಗಿನ ಮೂಲವನ್ನು ತೆರೆದು ನೋಡುವ ಶ್ರಮವನ್ನಾದರೂ ಪಡಬೇಕು.

ಸೂಚಿಯಲ್ಲಿ ಶಬ್ದವು ಹೇಗೆ ಬರೆಯಲ್ಪಟ್ಟಿದೆಯೋ ಹಾಗೆ ಕೇಳಿದವನಿಗೆ ಮಾತ್ರ ಅದು ಚೆನ್ನಾಗಿ ಓಗೊಡುತ್ತದೆ. ಹುಡುಕುವ ಕಲೆಯ ಗುಟ್ಟು ಇಷ್ಟೇ. ಆದರೆ ಕನ್ನಡದವರಿಗೆ ಈ ಗುಟ್ಟಿನಲ್ಲಿ ಹಲವು ಗಂಟುಗಳಿವೆ, ಅವನ್ನು ತುಸು ವಿಸ್ತಾರವಾಗಿಯೇ ಹೇಳಬೇಕು.

ಮೊದಲನೆಯದು ಲಿಪಿಯ ಗಂಟು. ಲೋಕದ ಲಿಪಿಗಳಿಗೆಲ್ಲ ಒಂದೇ ಸಂಕೇತಕ್ರಮವನ್ನು ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ. ಆದರೂ ಬಹುಕಾಲ ನಮ್ಮ ಕಚೇರಿಗಳೂ ಮುದ್ರಣಾಲಯಗಳೂ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಅಚ್ಚುಗಳನ್ನು ತೊಡಿಸಿದ ಹಳೆಯ ಫಾಂಟುಗಳಲ್ಲಿ ಬರೆದವು. ಕಣ್ಣಿಗೆ ಅದು ಮುದ್ದಾದ ಕನ್ನಡ. ಯಂತ್ರಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅಂಥ ಕಡತವು ಜಾಲದ ಮೇಲೆ ಎದುರಿಗೇ ಬಿದ್ದಿದ್ದರೂ ಕನ್ನಡದಲ್ಲಿ ಕೇಳಿದರೆ ಸಿಗುವುದಿಲ್ಲ. ಇನ್ನು ಪುಟಗಳ ಫೋಟೋ ತೆಗೆದು ಸೇರಿಸಿದ ಗ್ರಂಥಗಳಲ್ಲಿ ಯಂತ್ರಕ್ಕೆ ಕಾಣುವುದು ಚಿತ್ರವೇ ಹೊರತು ಅಕ್ಷರವಲ್ಲ. ಭಾರತೀಯ ಡಿಜಿಟಲ್ ಗ್ರಂಥಾಲಯದ ಯೋಜನೆಯಲ್ಲಿ ಹಳೆಯ ಕನ್ನಡ ಪುಸ್ತಕಗಳು ಬಹಳಷ್ಟು ಹೀಗೆ ಬಂದಿವೆ, ಇಂಟರ್ನೆಟ್ ಆರ್ಕೈವಿನಲ್ಲಿ ಅವು ಉಚಿತವಾಗಿ ದೊರೆಯುತ್ತವೆ. ಆದರೆ ಅವುಗಳ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆದವರು ದೀರ್ಘ ಹ್ರಸ್ವಗಳನ್ನು ತಮಗೆ ತೋಚಿದಂತೆ ಬರೆದಿದ್ದಾರೆ. ‘ಶಾಸ್ತ್ರ’ದ ಶಾಕಾರಕ್ಕೆ ಒಂದು ‘ಎ’ ಹಾಕಿ ನೋಡಬೇಕು, ಎರಡು ಹಾಕಿ ನೋಡಬೇಕು, ನಡುವಿನ ‘ಎಚ್’ ಬಿಟ್ಟೂ ನೋಡಬೇಕು. ಬೇಸರದ ಕೆಲಸ, ಆದರೆ ನಮ್ಮ ಗ್ರಂಥಾಲಯದಲ್ಲಿ ಇಲ್ಲದ ಪುಸ್ತಕಗಳನ್ನು ನಾನು ಈ ರೀತಿಯಿಂದಲೇ ಪಡೆದಿದ್ದೇನೆ.

ಎರಡನೆಯದು ನಮ್ಮ ಬೆರಳಿನ ಗಂಟು. ಅರ್ಕಾವತ್ತು ಬರೆಯುವ ಕೀಲಿ ತಿಳಿಯದವರು ಅದರಂತೆಯೇ ಕಾಣುವ ಒಂಬತ್ತರ ಅಂಕಿಯನ್ನು ಒತ್ತಿ ‘ಕನಾ೯ಟಕ’ ಎಂದು ಬರೆಯುತ್ತಾರೆ. ಅನುಸ್ವಾರಕ್ಕೆ ಬದಲು ಸೊನ್ನೆಯ ಅಂಕಿ ಒತ್ತುವವರೂ ಇದ್ದಾರೆ. ಓದುವ ಮನುಷ್ಯನಿಗೆ ಭೇದ ತೋರದು. ಸೂಚಿಯಲ್ಲಿ ಮಾತ್ರ ಇವು ಬೇರೆ ಬೇರೆ ಶಬ್ದಗಳಾಗಿ ಕೂರುತ್ತವೆ. ಮೇಲಾಗಿ ನಮ್ಮ ಭಾಷೆಯಲ್ಲಿ ಹೊಲ, ಹೊಲದ, ಹೊಲವನ್ನು, ಹೊಲಕ್ಕೆ ಎಂದು ಶಬ್ದವು ಪ್ರತ್ಯಯ ತೊಟ್ಟು ರೂಪ ಬದಲಿಸುತ್ತದೆ, ಮುಂದಿನ ಶಬ್ದದೊಡನೆ ಸಂಧಿಯಾಗಿ ಬೆಸೆದುಕೊಳ್ಳುತ್ತದೆ. ಯಂತ್ರವು ಇವನ್ನೆಲ್ಲ ಇಂಗ್ಲಿಷಿನಷ್ಟು ಚೆನ್ನಾಗಿ ಬಿಡಿಸಲಾರದು. ಆದುದರಿಂದ ಕನ್ನಡದಲ್ಲಿ ಹುಡುಕುವವನು ಒಂದೇ ಮಾತನ್ನು ಎರಡು ಮೂರು ರೂಪಗಳಲ್ಲಿ ಕೇಳುವುದನ್ನು ರೂಢಿಸಿಕೊಳ್ಳಬೇಕು.

ಮೂರನೆಯದು ಹೆಸರಿನ ಗಂಟು. ನನಗೆ ಎಲ್ಲಕ್ಕಿಂತ ರುಚಿಕರವಾದದ್ದು ಇದು. ನಮ್ಮ ಜಿಲ್ಲೆಗೆ ವಿಜಯಪುರವೆಂಬ ಹೆಸರು ಸರ್ಕಾರಿ ಕಾಗದಗಳಲ್ಲಿ ಬಂದದ್ದು ೨೦೧೪ರ ನವೆಂಬರ್ ಒಂದರಿಂದ. ಅದಕ್ಕೂ ಮುಂಚೆ ಬಿಜಾಪುರ. ಊರವರ ಬಾಯಲ್ಲಿ ವಿಜಾಪುರ. ೧೯೯೭ಕ್ಕೆ ಮುಂಚಿನ ಬಿಜಾಪುರ ಜಿಲ್ಲೆಯಲ್ಲಿ ಬಾಗಲಕೋಟೆಯೂ ಸೇರಿತ್ತು. ೧೯೫೬ಕ್ಕೆ ಮುಂಚೆ ಇದೆಲ್ಲ ಮುಂಬಯಿ ರಾಜ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಹಲವು ಕಾಲ ಕಲಾದಗಿ ಜಿಲ್ಲೆ. ಬ್ರಿಟಿಷರು ೧೮೮೪ರಲ್ಲಿ ಮುದ್ರಿಸಿದ ಬಾಂಬೆ ಪ್ರೆಸಿಡೆನ್ಸಿ ಗ್ಯಾಜೆಟಿಯರಿನ ೨೩ನೆಯ ಸಂಪುಟವು ನಮ್ಮ ಸೀಮೆಯ ಮೇಲೆಯೇ ಇದೆ. ‘ವಿಜಯಪುರ’ವೆಂದು ಕೇಳಿದವನಿಗೆ ಅದು ದೊರೆಯುವುದು ಕಷ್ಟ. ಮತ್ತೊಂದು ತೊಡಕೆಂದರೆ, ಬಿಜಾಪುರವೆಂಬ ಜಿಲ್ಲೆ ಛತ್ತೀಸಗಡದಲ್ಲಿಯೂ ಇದೆ. ವಿಜಯಪುರವೆಂಬ ಪಟ್ಟಣ ಬೆಂಗಳೂರಿನ ಬದಿಯ ದೇವನಹಳ್ಳಿ ತಾಲೂಕಿನಲ್ಲಿಯೂ ಇದೆ. ನಿಡಗುಂದಿ ತಾಲೂಕೆಂಬುದಂತೂ ಬಸವನ ಬಾಗೇವಾಡಿ ತಾಲೂಕಿನಿಂದ ಒಡೆದು ಕೆಲಸ ಆರಂಭಿಸಿದ್ದು ೨೦೧೮ರ ಸುಮಾರಿಗೆ.

ಇದು ಬರಿಯ ಪಾಂಡಿತ್ಯದ ಮಾತಲ್ಲ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ೧೯೬೪ರ ಮೇ ತಿಂಗಳಲ್ಲಿ ಆಲಮಟ್ಟಿಯ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಮುಂದೆ ಕೃಷ್ಣೆಯ ಹಿನ್ನೀರು ಏರಿದಂತೆ ನಮ್ಮ ಸುತ್ತಲಿನ ಎಷ್ಟೋ ಹೊಲಮನೆಗಳು ಮುಳುಗಿದವು. ನಮ್ಮ ಓಣಿಯ ಕಾಕಾ ಒಬ್ಬರ ಹೊಲವೂ ಹಾಗೆ ಹೋದದ್ದು ನಾನು ಹುಟ್ಟುವುದಕ್ಕೆ ಮುಂಚೆ. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯದಲ್ಲಿ ಅವರಿಗೆ ಭೂಸ್ವಾಧೀನದ ಅಧಿಸೂಚನೆಯ ನಂಬರು, ತಾರೀಖು ಬೇಕಾದವು. ಏಜೆಂಟನೊಬ್ಬನು ಅದಕ್ಕೆ ಮೂರು ಸಾವಿರ ರೂಪಾಯಿ ಕೇಳಿದ್ದನು. “ತಮ್ಮಾ, ನಿನ್ನ ಫೋನಿನ್ಯಾಗ ಎಲ್ಲಾ ಸಿಗತೈತಂತಲ್ಲ, ಒಂದೀಟು ನೋಡಪಾ” ಎಂದರು. ನಿಡಗುಂದಿ ತಾಲೂಕು ಎಂದು ಬರೆದರೆ ಇಂಥ ಕಾಗದ ಏಳು ಜನ್ಮಕ್ಕೂ ಸಿಗಲಾರದು. ಆ ಕಾಗದ ಹುಟ್ಟಿದಾಗ ಈ ತಾಲೂಕೇ ಹುಟ್ಟಿರಲಿಲ್ಲ. ಅದು ತನ್ನನ್ನು ‘ಬಿ. ಬಾಗೇವಾಡಿ ತಾಲೂಕು, ಬಿಜಾಪುರ ಜಿಲ್ಲೆ’ ಎಂದು ಇಂಗ್ಲಿಷಿನಲ್ಲಿ ಕರೆದುಕೊಂಡಿತ್ತು.

ಆಗ ನಾನು ಬಳಸಿದ ಕೀಲುಗಳು ಇವು. ಎರಡು ಅಥವಾ ಮೂರು ಶಬ್ದಗಳು ಅದೇ ಕ್ರಮದಲ್ಲಿ ಬೇಕಾದಾಗ ಅವನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆಯಬೇಕು. ಬೇಡವಾದ ಶಬ್ದದ ಹಿಂದೆ ಜಾಗ ಬಿಡದೆ ಒಂದು ಕಳೆಯುವ ಚಿಹ್ನೆ ಇಟ್ಟರೆ ಅದಿರುವ ಪುಟಗಳು ಹೊರಬೀಳುತ್ತವೆ. ಛತ್ತೀಸಗಡವು ಹೀಗೆ ಹೊರಬಿದ್ದಿತು. ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು ಕೋಲನ್ ಹಾಕಿ ಜಾಲತಾಣದ ವಿಳಾಸ ಕೊಟ್ಟರೆ ಆ ಒಂದು ತಾಣದೊಳಗೆ ಮಾತ್ರ ಹುಡುಕಾಟ ನಡೆಯುತ್ತದೆ. ವಿಳಾಸದ ಕೊನೆಯ ‘ಗವ್ ಡಾಟ್ ಇನ್’ ಎಂಬಷ್ಟನ್ನೇ ಕೊಟ್ಟರೆ ಸರ್ಕಾರಿ ತಾಣಗಳಿಗಷ್ಟೇ ಸೀಮಿತವಾಗುತ್ತದೆ. ‘ಫೈಲ್‌ಟೈಪ್’ ಎಂದು ಒಂದೇ ಶಬ್ದವಾಗಿ ಬರೆದು, ಕೋಲನ್ ಹಾಕಿ ‘ಪಿಡಿಎಫ್’ ಎಂದರೆ ಆದೇಶ, ವರದಿ, ಪ್ರಬಂಧಗಳಂಥ ಕಡತಗಳು ಮಾತ್ರ ಬರುತ್ತವೆ. ದೊಡ್ಡಕ್ಷರದ ‘ಆರ್’ ಶಬ್ದವನ್ನು, ಅಂದರೆ ‘ಅಥವಾ’ ಎಂಬರ್ಥದ್ದನ್ನು, ಎರಡು ಹೆಸರುಗಳ ನಡುವೆ ಇಟ್ಟರೆ ಎರಡರಲ್ಲಿ ಯಾವುದಿದ್ದರೂ ಸಾಕೆಂದಾಗುತ್ತದೆ. ಬಿಜಾಪುರ, ವಿಜಯಪುರಗಳ ತೊಡಕಿಗೆ ಇದೇ ಮದ್ದು. ‘ಬಿಫೋರ್’, ‘ಆಫ್ಟರ್’ ಎಂಬವುಗಳ ಮುಂದೆ ಕೋಲನ್ ಹಾಕಿ ವರ್ಷ ಕೊಟ್ಟರೆ ಕಾಲದ ಬೇಲಿಯೂ ಬೀಳುತ್ತದೆ, ಆದರೆ ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಪುಟದ ತಾರೀಖನ್ನು ಊಹಿಸುವುದರಲ್ಲಿ ಯಂತ್ರ ಎಡವುತ್ತದೆ. ಕಾಕಾ ಅವರ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಾಗಿ ಬರೆದು ಕೇಳಿದ ಮೇಲೆ ಮೂರನೆಯ ಪುಟದಲ್ಲಿ ಅಧಿಸೂಚನೆಯ ನಂಬರು ಸಿಕ್ಕಿತು. ಅದನ್ನು ಬರೆದುಕೊಂಡು ಹೋಗಿ ಅವರು ಕಚೇರಿಯಲ್ಲಿ ದೃಢೀಕೃತ ಪ್ರತಿಗೆ ಅರ್ಜಿ ಹಾಕಿದರು. ವ್ಯಾಜ್ಯ ಇನ್ನೂ ನಡೆದಿದೆ. ಮೂರು ಸಾವಿರ ರೂಪಾಯಿ ಮಾತ್ರ ಉಳಿಯಿತು.

ಕಾಗದವು ತನ್ನನ್ನು ತಾನು ಯಾವ ಹೆಸರಿನಿಂದ ಕರೆದುಕೊಳ್ಳುತ್ತದೆಂದು ಊಹಿಸಿ ಹುಡುಕುವ ಈ ಕಲೆ ಕಂಪ್ಯೂಟರಿನೊಡನೆ ಹುಟ್ಟಿದ್ದೇನೂ ಅಲ್ಲ. ನಮ್ಮ ಜಿಲ್ಲೆಯಲ್ಲಿಯೇ ಅದರ ಮಹಾನ್ ಸಾಧಕರೊಬ್ಬರಿದ್ದರು. ೧೮೮೦ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಿಜಾಪುರದಲ್ಲಿ ವಕೀಲಿ ಮಾಡಿದ ಫ. ಗು. ಹಳಕಟ್ಟಿಯವರು ಮನೆಮನೆ, ಮಠಮಠ ತಿರುಗಿ ವಚನಗಳ ತಾಡವೋಲೆಗಳನ್ನು ಕೂಡಿಸಿದರು. ಓಲೆಯ ಬರೆಹದಲ್ಲಿ ಶಬ್ದಶಬ್ದಗಳ ನಡುವೆ ಜಾಗವಿಲ್ಲ; ಒಂದು ವಚನ ಮುಗಿದು ಇನ್ನೊಂದು ಮೊದಲಾದದ್ದು ಒಮ್ಮೆಲೆ ತಿಳಿಯದು. ಅಲ್ಲಿ ಕೈಹಿಡಿಯುವುದು ಅಂಕಿತ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಗುಹೇಶ್ವರ ಎಂದಿದ್ದರೆ ಅಲ್ಲಮಪ್ರಭುವಿನದು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿಯದು. ನಾವು ‘ಸೈಟ್’ ಎಂದು ಬರೆದು ತಾಣವನ್ನು ಬೇರ್ಪಡಿಸುವಂತೆ ಅವರು ಅಂಕಿತ ಹಿಡಿದು ಕವಿಯನ್ನು ಬೇರ್ಪಡಿಸಿದರು. ಅದುವರೆಗೆ ಹೆಸರೇ ತಿಳಿಯದಿದ್ದ ಎಷ್ಟೋ ವಚನಕಾರರು ಹೀಗೆ ಬೆಳಕಿಗೆ ಬಂದರು. ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಪ್ರಕಟವಾಯಿತು. ೧೯೨೫ರಲ್ಲಿ, ಇದ್ದ ಮನೆಯನ್ನು ಮಾರಿ, ಹಿತಚಿಂತಕ ಮುದ್ರಣಾಲಯವನ್ನು ಆರಂಭಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ತೆಗೆದರು. ಮುಚ್ಚಿದ್ದನ್ನು ಬಿಚ್ಚಿ ತಿಳಿಯುವುದು, ತಿಳಿದುದನ್ನು ಹಂಚುವುದು ಎಂದು ಮೇಲೆ ಹೇಳಿದೆನಲ್ಲ, ಅದು ಇಲ್ಲಿ ಪೂರ್ಣವಾಗಿದೆ. ಅವರನ್ನು ಹ್ಯಾಕರ್ ಎಂದರೆ ನಮ್ಮ ಗುರುಗಳು ಸಿಟ್ಟಾದಾರು, ಎಂ.ಐ.ಟಿ.ಯ ಆ ಹುಡುಗರು ಮಾತ್ರ ಸಂತೋಷದಿಂದ ತಮ್ಮವರೆನ್ನುತ್ತಿದ್ದರು.

ಅವರು ಹಾಕಿದ ದಾರಿಯ ಮೇಲೆಯೇ ೨೦೧೦ರ ದಶಕದಲ್ಲಿ ‘ವಚನ ಸಂಚಯ’ ಎಂಬ ಜಾಲತಾಣವು ಸಿದ್ಧವಾಯಿತು. ವಿಮರ್ಶಕ ಓ. ಎಲ್. ನಾಗಭೂಷಣ ಸ್ವಾಮಿಯವರ ಮಾರ್ಗದರ್ಶನದಲ್ಲಿ ಓಂಶಿವಪ್ರಕಾಶ್ ಮೊದಲಾದ ತಂತ್ರಜ್ಞ ಮಿತ್ರರು, ಹಳೆಯ ಸಂಕೇತದಲ್ಲಿದ್ದ ಪಠ್ಯವನ್ನು ಯೂನಿಕೋಡಿಗೆ ತಂದು, ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಬೇಕಾದ ಶಬ್ದವನ್ನು ಹುಡುಕುವಂತೆ ಮಾಡಿದರು. ‘ಕಾಯಕ’ದ ಮೇಲೆ ಪ್ರಬಂಧ ಬರೆಯುವ ವಿದ್ಯ��ರ್ಥಿಯು ಗೈಡಿನ ಮೂರು ವಾಕ್ಯಗಳನ್ನು ನಕಲು ಮಾಡುವುದಕ್ಕೆ ಬದಲಾಗಿ, ಆ ಶಬ್ದವನ್ನು ಯಾವ ಯಾವ ವಚನಕಾರರು ಯಾವ ಸಂದರ್ಭದಲ್ಲಿ ಬಳಸಿದ್ದಾರೆಂದು ಈಗ ತಾನೇ ನೋಡಬಹುದು. ಬಾಗೇವಾಡಿಯ ಮಗ್ಗುಲಲ್ಲಿ ಕುಳಿತ ನಾವು ಇಷ್ಟನ್ನಾದರೂ ಮಾಡದಿದ್ದರೆ ಹೇಗೆ?

ಕನ್ನಡವನ್ನು ಯಂತ್ರದೊಳಗೆ ತಂದವರಲ್ಲಿ ಇಂಥವರು ಇನ್ನೂ ಇದ್ದಾರೆ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು, ನೂರಾರು ಅಕ್ಷರರೂಪಗಳಿಗೆ ನೂರಾರು ಕೀಲಿ ಬೇಕಿಲ್ಲ, ವ್ಯಂಜನ ಮತ್ತು ಸ್ವರಗಳನ್ನು ಉಚ್ಚಾರದ ಕ್ರಮದಲ್ಲಿ ಒತ್ತಿದರೆ ಯಂತ್ರವೇ ಕೂಡಿಸಿಕೊಳ್ಳಲಿ ಎಂದು ಯೋಚಿಸಿ ಇಂಗ್ಲಿಷಿನ ೨೬ ಕೀಲಿಗಳಲ್ಲಿಯೇ ಕನ್ನಡವನ್ನು ಹಿಡಿಸಿದರು. ಸರ್ಕಾರ ಒಪ್ಪಿದ ವಿನ್ಯಾಸಕ್ಕೆ ಇದೇ ತಳಹದಿ. ಅದಕ್ಕಾಗಿ ಅವರು ಬೆಲೆ ಕೇಳಲಿಲ್ಲ. ಶೇಷಾದ್ರಿವಾಸು ಚಂದ್ರಶೇಖರನ್ ಅವರು ೧೯೯೮ರಲ್ಲಿ ‘ಬರಹ’ ತಂತ್ರಾಂಶವನ್ನು ಉಚಿತವಾಗಿ ಕೊಟ್ಟರು. ವಿ. ಕೃಷ್ಣ ಎಂಬವರು ದಶಕಗಟ್ಟಲೆ ಒಬ್ಬರೇ ಕುಳಿತು ಒಂದೂವರೆ ಲಕ್ಷದಷ್ಟು ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಕಟ್ಟಿದರು. ೨೦೧೯ರಲ್ಲಿ ಕೈಲಾಶ್ ನಾಧ್ ಅವರು ಅದನ್ನು ‘ಅಲರ್’ ಎಂಬ ಹೆಸರಿನಿಂದ ಎಲ್ಲರಿಗೂ ತೆರೆದಿಟ್ಟರು. ಉಚ್ಚಾರದ ಹೋಲಿಕೆಯಿಂದಲೂ ಶಬ್ದವನ್ನು ಹುಡುಕುವ ಏರ್ಪಾಡು ಅದರಲ್ಲಿದೆ. ಆದುದರಿಂದ ಶಕಾರ ಷಕಾರಗಳಲ್ಲಿ ತೊಡಕುವವನೂ ಬರಿಗೈಯಲ್ಲಿ ಮರಳಬೇಕಿಲ್ಲ.

ಕೊನೆಯದಾಗಿ, ಹುಡುಕಾಟವೂ ಕನ್ನವೂ ಒಂದನ್ನೊಂದು ಮುಟ್ಟುವ ಜಾಗವನ್ನು ಹೇಳದೆ ಬಿಟ್ಟರೆ ಲೇಖನವು ಅರೆಯಾಗುತ್ತದೆ. ಮೇಲೆ ಹೇಳಿದ ಕೀಲುಗಳಿಂದಲೇ, ಯಾರೋ ಮರೆತು ತೆರೆದಿಟ್ಟ ಗುಪ್ತ ಕಡತಗಳನ್ನೂ ಹುಡುಕಬಹುದು. ಜಾನಿ ಲಾಂಗ್ ಎಂಬವರು ಈ ಶತಮಾನದ ಮೊದಲ ವರ್ಷಗಳಲ್ಲಿ ಇಂಥ ಪ್ರಶ್ನೆಗಳ ಸಂಗ್ರಹವನ್ನೇ ಮಾಡಿ, ಸಂಸ್ಥೆಗಳು ತಮ್ಮ ಬಾಗಿಲನ್ನು ತಾವೇ ಪರೀಕ್ಷಿಸಿಕೊಳ್ಳಲೆಂದು ಪ್ರಕಟಿಸಿದರು. ನಮ್ಮ ದೇಶದಲ್ಲಿ ೨೧೦ ಸರ್ಕಾರಿ ಹಾಗೂ ಶಿಕ್ಷಣ ಸಂಸ್ಥೆಗಳ ಜಾಲತಾಣಗಳು ಫಲಾನುಭವಿಗಳ ಆಧಾರ್ ವಿವರಗಳನ್ನು ಬಹಿರಂಗವಾಗಿ ತೋರಿಸಿದ್ದವೆಂದು ೨೦೧೭ರಲ್ಲಿ ಆಧಾರ್ ಪ್ರಾಧಿಕಾರವೇ ಒಪ್ಪಿಕೊಂಡಿತು. ಅಲ್ಲಿ ಯಾರೂ ಗೋಡೆ ಕೊರೆದಿರಲಿಲ್ಲ, ಬಾಗಿಲೇ ತೆರೆದಿತ್ತು.

ಕಳೆದ ವರ್ಷ ಇಂಥದೇ ಒಂದು ಪಟ್ಟಿ ನಮ್ಮೆದುರಿಗೂ ಬಂದಿತು. ಗೆಳೆಯನೊಬ್ಬನು ವಿದ್ಯಾರ್ಥಿವೇತನದ ಆದೇಶವನ್ನು ಪಿಡಿಎಫ್ ಕಡತಗಳಲ್ಲಿ ಹುಡುಕುತ್ತಿದ್ದಾಗ ಯಾವುದೋ ಸಂಸ್ಥೆಯ ತಾಣದಿಂದ ಕೆಲವು ನೂರು ವಿದ್ಯಾರ್ಥಿಗಳ ಹೆಸರು, ಫೋನ್ ನಂಬರು, ಬ್ಯಾಂಕ್ ಖಾತೆಯ ನಂಬರುಗಳುಳ್ಳ ಪಟ್ಟಿ ತೆರೆಯಿತು. ಅದರಲ್ಲಿ ನಮಗೆ ಗೊತ್ತಿದ್ದ ಹುಡುಗಿಯರ ನಂಬರುಗಳೂ ಇದ್ದವು. ಕೋಣೆಯಲ್ಲಿದ್ದ ಐದು ಜನರಲ್ಲಿ ಒಬ್ಬನು ನಕ್ಕು, “ಗ್ರೂಪಿಗೆ ಹಾಕಲೇನು?” ಎಂದನು. ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಪಟ್ಟಿಯನ್ನು ಕಂಡದ್ದರಿಂದ ನಾವು ಕಳ್ಳರಾಗಿರಲಿಲ್ಲ. ಅದನ್ನು ಇಳಿಸಿಕೊಂಡು ಹಂಚಿದ್ದರೆ ಆಗುತ್ತಿದ್ದೆವು. ಗೆಳೆಯನು ಪಟ್ಟಿಯ ವಿಳಾಸವನ್ನು ಮಾತ್ರ ಬರೆದುಕೊಂಡು ಪುಟವನ್ನು ಮುಚ್ಚಿದನು. ಮರುದಿನ ನಮ್ಮ ಉಪನ್ಯಾಸಕರೊಬ್ಬರು ಆ ಸಂಸ್ಥೆಗೆ ಪತ್ರ ಬರೆದರು. ಉತ್ತರ ಬರಲಿಲ್ಲ, ಹನ್ನೊಂದನೆಯ ದಿನ ನೋಡಿದಾಗ ಪಟ್ಟಿ ಇರಲಿಲ್ಲ. ಇಂಥ ದೋಷಗಳನ್ನು ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೂ ತಿಳಿಸಬಹುದೆಂಬುದನ್ನು ಮಿತ್ರರು ನೆನಪಿಡಲಿ.

ವಾಟ್ಸಾಪ್ ಹ್ಯಾಕ್ ಮಾಡುವುದು ಹೇಗೆಂದು ಕೇಳಿದ ದೋಸ್ತನಿಗೂ ಉತ್ತರ ಕೊಡಬೇಕಷ್ಟೆ. ಖಾತೆಗಳನ್ನು ಕದಿಯುವವರಲ್ಲಿ ಹೆಚ್ಚಿನವರು ಯಂತ್ರವನ್ನು ಒಡೆಯುವುದೇ ಇಲ್ಲ. ನಯವಾಗಿ ಮಾತನಾಡಿ ಆರು ಅಂಕಿಯ ಒಟಿಪಿಯನ್ನು ಕೇಳಿ ಪಡೆಯುತ್ತಾರೆ. ಅದು ವಿದ್ಯೆಯಲ್ಲ, ಹಳೆಯ ಮೋಸ. ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಅಧಿನಿಯಮದ ೬೬-ಸಿ ಕಲಮಿನಂತೆ ಮೂರು ವರ್ಷದವರೆಗೆ ಸೆರೆಮನೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಹಾಗೆ ಮೋಸಹೋಗಿ ಹಣ ಕಳೆದುಕೊಂಡವರು ತಡಮಾಡದೆ ೧೯೩೦ ನಂಬರಿಗೆ ಫೋನ್ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲಿಯೇ ತಡೆಯುವ ಸಂಭವ ಹೆಚ್ಚು.

ಈ ಸಂಚಿಕೆಯ ಬಗೆಗೂ ಸಂಪಾದಕ ಮಂಡಲಿಯಲ್ಲಿ ನನ್ನದೊಂದು ಬಿನ್ನಹವಿದೆ. ಮುದ್ರಣಾಲಯದವರು ಹಳೆಯ ಫಾಂಟಿನಲ್ಲಿ ಅಚ್ಚು ಜೋಡಿಸಿದರೂ ಚಿಂತೆಯಿಲ್ಲ, ಲೇಖನಗಳ ಯೂನಿಕೋಡ್ ಪ್ರತಿಯೊಂದನ್ನು ಕಾಲೇಜಿನಲ್ಲಿ ಉಳಿಸಿಕೊಳ್ಳಬೇಕು. ಹಿಂದಿನ ಸಂಚಿಕೆಗಳಲ್ಲಿ ನಮ್ಮ ಅಣ್ಣಂದಿರೂ ಅಕ್ಕಂದಿರೂ ಮುಳುಗಡೆಯಾದ ಊರುಗಳ ಜಾತ್ರೆ, ಹಾಡು, ಹೊಲಗಳ ಹೆಸರುಗಳನ್ನು ಬರೆದಿಟ್ಟಿದ್ದಾರೆ. ಅವು ಗ್ರಂಥಾಲಯದ ಕಪಾಟಿನಲ್ಲಿವೆ, ಯಾವ ಸೂಚಿಯಲ್ಲಿಯೂ ಇಲ್ಲ. ಬರುವ ರಜೆಯಲ್ಲಿ ಅವನ್ನು ಬೆರಳಚ್ಚು ಮಾಡಲು ನಾವು ನಾಲ್ವರು ಒಪ್ಪಿದ್ದೇವೆ. ಐದನೆಯವರು ಬೇಕಾಗಿದ್ದಾರೆ, ಅರ್ಕಾವತ್ತಿನ ಕೀಲಿಯನ್ನು ನಾವೇ ಕಲಿಸುತ್ತೇವೆ.